ಜೇವರ್ಗಿಯ ಗೋದಾಮಿಗೆ ಹೋದ ಸ್ಟೋರೇಜ್

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ತೊಗರಿ ಬೆಳೆಗಾರರ ಸಂಯುಕ್ತ ಮಹಾಸಂಘವು ಯಾವ ತಾಲೂಕಿಗೂ ಅನ್ಯಾಯ ಮಾಡುವುದಿಲ್ಲ. ಇದು ಸಂಘದ ನಿಯಮಾವಳಿಯ ಮೊದಲ ಕಲಮು. ಕಂಪ್ಯೂಟರ್ ಖರೀದಿಯೂ ಈ ಕಲಮಿನಂತೆಯೇ ನಡೆಯಿತು.

ಆಳಂದದ ಮುಖ್ಯ ಕಚೇರಿಯ ಹಳೆಯ ಕಂಪ್ಯೂಟರುಗಳು ತೊಗರಿ ಖರೀದಿಯ ನೋಂದಣಿ ಶುರುವಾದ ವಾರವೇ ಒಂದೊಂದಾಗಿ ಕೆಟ್ಟು ನಿಂತವು. ನೋಂದಣಿಯಾಗದೆ ಯಾರ ತೊಗರಿಯನ್ನೂ ಕೊಳ್ಳುವಂತಿಲ್ಲ. ಸಂಘದ ಕಂಪ್ಯೂಟರ್ ಇಂಜಿನಿಯರ್ ಫರಹೀನ ಆಡಳಿತ ಮಂಡಳಿಯ ಮುಂದೆ ನಿಂತು ಉಪಾಯ ಹೇಳಿದಳು. ಕೆಲಸಕ್ಕೊಂದು ಕಂಪ್ಯೂಟರ್ ಬೇಡ. ಒಂದು ಗಟ್ಟಿ ಸರ್ವರ್ ತಂದರೆ ಅದರೊಳಗೇ ಹಲವು ವರ್ಚುವಲ್ ಯಂತ್ರಗಳು ನಡೆಯುತ್ತವೆ. ಮೊದಲು ಸಾಲದಾಗುವುದು ಮೆಮೊರಿ, ಅದನ್ನು ಧಾರಾಳವಾಗಿ ಹಾಕಿಸಬೇಕು. ಸ್ಟೋರೇಜಿಗೆ ವೇಗದ ಡಿಸ್ಕುಗಳೇ ಬೇಕು. ಎಲ್ಲವೂ ಒಂದೇ ತಣ್ಣನೆಯ ಕೋಣೆಯಲ್ಲಿರಬೇಕು.

ಕಣ್ಣಿಗೆ ಕಾಣದ ಯಂತ್ರಗಳ ಬಗ್ಗೆ ಮಂಡಳಿ ಸಂಶಯ ಎತ್ತಲಿಲ್ಲ. ಕಣ್ಣಿಗೆ ಕಾಣದ ನೌಕರರು ಸಂಘದ ಪಗಾರ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದಾರೆ. ಆಕ್ಷೇಪಣೆ ಬಂದದ್ದು ಆ ಒಂದೇ ಕೋಣೆಯ ಬಗ್ಗೆ.

ಜೇವರ್ಗಿಯ ನಿರ್ದೇಶಕ ಸಿದ್ದಲಿಂಗ ಎದ್ದು ನಿಂತರು. "ಸ್ಟೋರೇಜ್ ಅಂದ್ರ ಗೋದಾಮು. ಗೋದಾಮು ನಮ್ಮಲ್ಲಿ ಅದ. ಆಳಂದಕ್ಕ ಯಾಕ ಬೇಕ್ರಿ ಅದು?"

ಆ ಗೋದಾಮು ಅವರ ತಮ್ಮನದು. ಬಾಡಿಗೆದಾರರಿಲ್ಲದೆ ಖಾಲಿ ಬಿದ್ದಿತ್ತು.

ಹಾಗಾದರೆ ಮೆಮೊರಿ ತಮಗೆ ಬರಬೇಕೆಂದು ಅಫಜಲಪುರದ ನಿರ್ದೇಶಕ ಹುಸೇನಸಾಬ ಪಟ್ಟು ಹಿಡಿದರು. ಸಂಘ ತಮ್ಮ ತಾಲೂಕನ್ನು ಮರೆಯುತ್ತಲೇ ಬಂದಿದೆ, ನೆನಪಾದರೂ ಅಲ್ಲಿರಲಿ ಎಂಬುದು ಅವರ ವಾದ. ಅಧ್ಯಕ್ಷ ದೌಲತರಾಯರು ಸರ್ವರಿನ ತಲೆಯಾದ ಪ್ರೊಸೆಸರನ್ನು ಆಳಂದಕ್ಕೆ ಉಳಿಸಿಕೊಂಡರು. ಕೊನೆಗೆ ಆ ತಣ್ಣನೆಯ ಕೋಣೆಗೆಂದಿದ್ದ ಎಸಿ ಉಳಿಯಿತು. ಜವಾಬ್ದಾರಿಯಿಂದ ಅತಿ ಹೆಚ್ಚು ಬಿಸಿಯಾಗುವವರು ಅಧ್ಯಕ್ಷರೇ ಆದ್ದರಿಂದ ಅದನ್ನು ಅವರ ಮಲಗುವ ಕೋಣೆಯಲ್ಲಿ ಕೂರಿಸಲು ಸರ್ವಾನುಮತದಿಂದ ಠರಾವಾಯಿತು.

ಫರಹೀನಳಿಗೆ ಸುಮ್ಮನಿರಲಾಗಲಿಲ್ಲ. "ಸಾಹೇಬ್ರ, ತಲಿ ಒಂದೂರಾಗ, ಹೊಟ್ಟಿ ಒಂದೂರಾಗ ಇಟ್ರ ಮನಷ್ಯಾ ಬದುಕ್ತಾನೇನ್ರಿ?"

"ಮನಷ್ಯಾ ಬದುಕಂಗಿಲ್ಲವ್ವ," ಎಂದರು ದೌಲತರಾಯರು ಅಕ್ಕರೆಯಿಂದ. "ಮಂಡಳಿ ಬದುಕ್ತದ."

ಇಂಜಿನಿಯರರು ಮನುಷ್ಯ ಶರೀರದ ಉದಾಹರಣೆಯೊಂದಿಗೆ ವಿಷಯವನ್ನು ಸಮರ್ಥಿಸಿದರೆಂದು ನಡಾವಳಿಯಲ್ಲಿ ದಾಖಲಾಯಿತು.

ಸರ್ವರ್ ಬಂತು. ಮುಚ್ಚಳ ಬಿಚ್ಚಿ, ಬಿಡಿಭಾಗ ಕಿತ್ತು, ಮೂರೂ ಊರುಗಳಿಗೆ ಹಂಚಿ, ಮೂರೂ ಕಡೆ ರಿಬ್ಬನ್ ಕತ್ತರಿಸಿದರು. ಯಂತ್ರ ಚಾಲೂ ಆಗಲಿಲ್ಲ. ಕೂಡಲೇ ಪ್ರಕಟಣೆ ಹೊರಟಿತು:

"ರೈತರ ವಿವರವನ್ನು ಆಳಂದದಲ್ಲಿ ಕೈಯಿಂದ ಬರೆದುಕೊಳ್ಳತಕ್ಕದ್ದು. ಬಸ್ಸಿನಲ್ಲಿ ಅಫಜಲಪುರದ ಮೆಮೊರಿ ಶಾಖೆಗೆ ಕಳಿಸತಕ್ಕದ್ದು. ಅಲ್ಲಿನ ಸಿಬ್ಬಂದಿ ಓದಿ ನೆನಪಿಟ್ಟುಕೊಂಡ ನಂತರ ಜೇವರ್ಗಿಯ ಸ್ಟೋರೇಜಿಗೆ ರವಾನಿಸತಕ್ಕದ್ದು. ಸದರಿ ಬಸ್ಸನ್ನು ಇನ್ನು ಮುಂದೆ ನೆಟ್‌ವರ್ಕ್ ಎಂದು ಭಾವಿಸತಕ್ಕದ್ದು."

ಗಡಿಯ ಹಳ್ಳಿ ಖಜೂರಿಯ ರೈತ ಮಹಿಳೆ ಹಜರಾಬಿ ಈ ಪದ್ಧತಿಯ ಮೊದಲ ದಿನವೇ ಹೆಸರು ಬರೆಸಿದ್ದಳು. ಆ ಹೆಸರು ಅಫಜಲಪುರ ದಾಟಲಿಲ್ಲ. ನೆನಪಿಟ್ಟುಕೊಳ್ಳಬೇಕಾದವನು ರಜೆಯ ಮೇಲಿದ್ದ. ಮನೆಯಲ್ಲಿ ತೊಗರಿ ಚೀಲಗಳಿಗೆ ಹುಳ ಹತ್ತತೊಡಗಿದಾಗ ಆಕೆ ಗಡಿಯಾಚೆಯ ವ್ಯಾಪಾರಿಯ ಲಾರಿಗೆ, ಅವನು ಹೇಳಿದ ದರಕ್ಕೇ, ಎಲ್ಲವನ್ನೂ ತುಂಬಿಸಿ ಕಳಿಸಿದಳು.

ಅತ್ತ ತಪಾಸಣೆಗೆ ಬಂದ ಅಧಿಕಾರಿಗಳು ಜೇವರ್ಗಿಯ ಡಿಸ್ಕುಗಳು ಪೂರ್ತಿ ಖಾಲಿ ಇರುವುದನ್ನು ಕಂಡು ಸಂತೋಷಪಟ್ಟರು. ಮುಂದಿನ ಬೆಳವಣಿಗೆಗೆ ಇಷ್ಟೊಂದು ಜಾಗ ಉಳಿಸಿದ ಸಂಘವನ್ನು ತಾವು ನೋಡಿಲ್ಲವೆಂದು ಷರಾ ಬರೆದರು.

ಮರುವಾರ ಹಜರಾಬಿ ಆಳಂದ ಕಚೇರಿಗೆ ಬಂದಳು. ನೋಂದಣಿಗೆ ಅರ್ಜಿ ಕೊಟ್ಟು ತೊಗರಿ ತರದವರಿಗೆ ಬರುವ ಹಂಗಾಮಿಗೆ ಬೀಜ ಕೊಡುವುದಿಲ್ಲವೆಂಬ ನಿಯಮವಾಗಿತ್ತು. ಹೆಸರು ತೆಗೆಸಬೇಕಿತ್ತು. ತೆಗೆಯುವ ಚೀಟಿಯೂ ಮೂರು ಊರು ಸುತ್ತಬೇಕು.

ಫರಹೀನ ಬಸ್‌ಸ್ಟ್ಯಾಂಡಿಗೆ ಫೋನ್ ಹಚ್ಚಿ ಕೇಳಿ, ಕೆಳಗಿಟ್ಟಳು. "ಇವತ್ತು ಆಗಂಗಿಲ್ಲ ಖಾಲಾ. ನೆಟ್‌ವರ್ಕ್ ಅತನೂರ ಹತ್ರ ಪಂಕ್ಚರ್ ಆಗ್ಯಾದ."

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿ ಅವಳು ತಲೆ ತಗ್ಗಿಸಿದಳು. ಹಜರಾಬಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವಳ ಮಗಳನ್ನು ಕೊಟ್ಟದ್ದು ಅಫಜಲಪುರಕ್ಕೆ; ಅದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು.

"ಸಂಜಿ ನೆಟ್‌ವರ್ಕಿನ್ಯಾಗ ಕೂಡಲಿಕ್ಕ ಜಾಗಾ ಸಿಗ್ತದೇನು, ಬೇಟಿ?" ಎಂದು ಕೇಳಿದಳು.