ಹತ್ತೊಂಬತ್ತು ಜನಕ್ಕೆ ಒಬ್ಬಳೇ ಆಯಾ

ಜಗಳ ಮಾಡಲೆಂದೇ ಮನೆಯಿಂದ ಹೊರಟು, ಜಗಳಕ್ಕೆ ಯಾರೂ ಸಿಗದೆ ವಾಪಸ್ಸು ಬರುವುದು ನನಗೆ ಆಗಾಗ ಆಗುತ್ತಲೇ ಇರುತ್ತದೆ. ಆದರೆ ಒಂದೇ ವೃದ್ಧಾಶ್ರಮದಲ್ಲಿ ಅದು ಮೇಲಿಂದ ಮೇಲೆ ಆಗಿದ್ದು ಹೋದ ವರ್ಷ.

ಸಮಿತಿಗೆ ಸೇರಿದ್ದು

ನಾನು ಓದಿದ್ದು ಏಳನೇ ಕ್ಲಾಸು. ಮಿಕ್ಕಿದ್ದನ್ನೆಲ್ಲ ಅರ್ಜಿ ಬರೆದೂ ಬರೆದೂ ಕಲಿತೆ. ರಾಮನಗರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ರೂಮು, ಒಂದು ಸ್ಟೌ, ಒಂದು ತಟ್ಟೆ. ಎರಡನೇ ತಟ್ಟೆ ಕೊಳ್ಳುವ ಸಂದರ್ಭ ಬರಲಿಲ್ಲ. ಮೂವತ್ತು ವರ್ಷದಿಂದ ಕಚೇರಿಗಳ ಮುಂದೆ ಕೂತು ಕೂಗುತ್ತಿದ್ದೇನೆ. ರೇಷನ್ ಅಕ್ಕಿಗೆ ಕೂಗಿದ್ದೇನೆ, ಸೂರಿಲ್ಲದ ಬಸ್ ನಿಲ್ದಾಣಕ್ಕೆ ಕೂಗಿದ್ದೇನೆ, ಬಾಗಿಲಿಲ್ಲದ ಶೌಚಾಲಯಕ್ಕೆ ಕೂಗಿದ್ದೇನೆ. ಬಾಗಿಲು ಮಾತ್ರ ಬಂತು. ಚಿಲಕ ಇನ್ನೂ ಬಂದಿಲ್ಲ.

ಹೋದ ವರ್ಷ ವೃದ್ಧಾಶ್ರಮಗಳ ಬಗ್ಗೆ ಕೂಗಿದೆ. "ಸರ್ಕಾರದ ದುಡ್ಡು ತಿನ್ನೋ ಆಶ್ರಮಗಳೊಳಗೆ ಮುದುಕರು ಏನು ತಿಂತಾರೆ ಅಂತ ನಿಮ್ಮಲ್ಲಿ ಒಬ್ಬರಾದರೂ ಇಣುಕಿ ನೋಡಿದ್ದೀರಾ?" ಎಂದೆ. ಅಧಿಕಾರಿ ಕನ್ನಡಕ ಒರೆಸಿಕೊಳ್ಳುತ್ತ, "ಹಂಗಾದ್ರೆ ನೀವೇ ಇಣುಕಿ ಯಜಮಾನ್ರೇ" ಎಂದು ನನ್ನನ್ನೇ ತಪಾಸಣಾ ಸಮಿತಿಗೆ ಹಾಕಿಬಿಟ್ಟರು. ಕೂಗುವವನ ಬಾಯಿ ಮುಚ್ಚಿಸಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ನನ್ನ ಪಾಲಿಗೆ ಬಂದದ್ದು ಕೈಲಾಂಚ ದಾಟಿದ ಮೇಲೆ ಹಿಪ್ಪುನೇರಳೆ ತೋಟದ ಪಕ್ಕದಲ್ಲಿರುವ ಒಂದು ಆಶ್ರಮ. ಒಳಗೆ ಹತ್ತೊಂಬತ್ತು ಜನ. ನೋಡಿಕೊಳ್ಳಲು ಉಯ್ಯಂಬಳ್ಳಿ ಕಡೆಯ ಒಬ್ಬಳೇ ಆಯಾ. ಅವಳೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದ್ದು: ಅಲ್ಲಿ ಬೈರಮಂಗಲದ ಒಬ್ಬ ಅಜ್ಜಿಗೆ ಬಲಗೈ ಸ್ವಾಧೀನವಿಲ್ಲ, ಎಡಗೈ ನಡುಗುತ್ತದೆ. ತುತ್ತು ಮಾಡಿ ಬಾಯಿಗಿಡಬೇಕು. ಆಯಾ ಎಲ್ಲರದ್ದೂ ಮುಗಿಸಿ ಅಜ್ಜಿಯ ಹತ್ತಿರ ಬರುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಮುದ್ದೆ ಅಷ್ಟೊತ್ತಿಗೆ ಕಲ್ಲಾಗಿರುತ್ತದೆ.

ಇನ್ನೊಬ್ಬ ಆಯಾ ಬೇಕೇ ಬೇಕು ಎಂದು ಹಟ ಹಿಡಿದೆ. ಅಧಿಕಾರಿ ಫಾರಂ ತೋರಿಸಿದರು. 'ಅತ್ಯುತ್ತಮ' ಎಂದು ಬರೆದರೆ ಆಯಾ ಕೊಡುವುದಿಲ್ಲ. 'ಕಳಪೆ' ಎಂದು ಬರೆದರೆ ಆಶ್ರಮವನ್ನೇ ಮುಚ್ಚುತ್ತಾರೆ. ನಡುವೆ 'ಸುಧಾರಣೆ ಅಗತ್ಯ' ಎಂದು ಬರೆದರೆ ಮಾತ್ರ ಆಯಾ. ಅದಕ್ಕೂ ಅಲ್ಲಿರುವವರಲ್ಲಿ ಒಬ್ಬರಾದರೂ ಬಾಯಿಬಿಟ್ಟು ದೂರು ಹೇಳಿ ಹೆಬ್ಬೆಟ್ಟು ಒತ್ತಿರಬೇಕು.

"ಒಂದು ದೂರು ತಾನೆ? ಹತ್ತೊಂಬತ್ತು ತರ್ತೀನಿ" ಎಂದೆ. ಈ ಜನ್ಮದಲ್ಲಿ ನಾನು ಸರ್ಕಾರಕ್ಕೆ ಕೊಟ್ಟ ಒಂದೇ ಒಂದು ಸುಳ್ಳು ಆಶ್ವಾಸನೆ ಅದು.

ಮಂಚದ ತಪಾಸಣೆ

ಮೊದಲ ಸಲ ಅಧಿಕಾರಿಯ ಜೀಪಿನಲ್ಲೇ ಹೋದೆವು. ಮುಂಚೆಯೇ ಫೋನ್ ಮಾಡಿ ತಿಳಿಸಿದ್ದರು, ಕಳ್ಳನಿಗೆ ಪೊಲೀಸರು ತಿಳಿಸಿ ಹೋದ ಹಾಗೆ. ಒಳಗೆ ಸಾಲು ಮಂಚ, ಮಂಚದ ಮೇಲೆಲ್ಲ ಹೊಸ ಬೆಡ್‌ಶೀಟು. ಅಂಗಡಿಯ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ, ಚೀಟಿಯನ್ನೂ ಕಿತ್ತಿರಲಿಲ್ಲ. ಮಂಚದ ಮೇಲೆ ಮಾತ್ರ ಒಬ್ಬರೂ ಇಲ್ಲ. ಹತ್ತೊಂಬತ್ತು ಜನವೂ ಪಡಸಾಲೆಯ ನೆಲದ ಮೇಲೆ ಗೋಡೆಗೆ ಒರಗಿ, ಫೋಟೋಗೆ ಕೂತ ಹಾಗೆ ಕೂತಿದ್ದಾರೆ.

"ಯಾಕಜ್ಜ, ನೆಲದ ಮೇಲೆ?" ಎಂದು ಒಬ್ಬರನ್ನು ಕೇಳಿದೆ.

"ತಪಾಸಣೆ ಐತಲ್ಲಪ್ಪ, ಮಂಚಕ್ಕೆ."

"ಮಂಚಕ್ಕಲ್ಲ ಅಜ್ಜ, ನಿಮಗೆ!"

"ನಮ್ಗಾ? ನಮ್ಮುನ್ನ ಯಾರು ನೋಡಕ್ ಬತ್ತಾರೆ, ತಗಿ" ಎಂದು ಅಜ್ಜ ನಕ್ಕುಬಿಟ್ಟರು.

ಒಬ್ಬೊಬ್ಬರ ಮುಂದೂ ಕುಕ್ಕರಗಾಲಲ್ಲಿ ಕೂತು ಕೇಳಿದೆ. ಊಟ? ಚೆನ್ನಾಗೈತೆ. ನೀರು? ಚೆನ್ನಾಗೈತೆ. ಮೂರು ಗಂಟೆಗೆ ಉಣ್ಣುವ ಅಜ್ಜಿಯನ್ನೂ ಕೇಳಿದೆ. "ಭಾಳ ಚೆನ್ನಾಗೈತೆ ಸಾಮಿ" ಎಂದಳು. ಆಮೇಲೆ ನನ್ನ ಕಿವಿಯನ್ನು ಹತ್ತಿರ ಕರೆದು ಪಿಸುಗುಟ್ಟಿದಳು: "ಮಾಗಡಿ ಕಡೆ ಯಾವ್ದೋ ಆಶ್ರಮದಾಗೆ ಒಬ್ಬ ಬಾಯ್ ಬುಟ್ಟನಂತೆ. ಬೀಗ ಹಾಕ್ಬುಟ್ರಂತೆ. ಮೂರ್ ಗಂಟೆಗಾದ್ರೂ ಬತ್ತದಲ್ಲಪ್ಪ ತುತ್ತು. ಇದೂ ಮುಚ್ಚೋದ್ರೆ ನಾನೆಲ್ಲಿಗೋಗ್ಲಿ?"

ಅಷ್ಟರಲ್ಲಿ ಅಧಿಕಾರಿ ಬೆಡ್‌ಶೀಟನ್ನು ಸವರಿ 'ಅತ್ಯುತ್ತಮ'ಕ್ಕೆ ಗೆರೆ ಎಳೆಯಹೋದರು. ಅವರ ಕೈಯಿಂದ ಪೆನ್ನು ಕಿತ್ತುಕೊಂಡೆ. ನಮ್ಮಿಬ್ಬರ ಜಗಳ ಜೋರಾಯಿತು. ಯಾರಾದರೂ ನನ್ನ ಪರ ಮಾತಾಡುತ್ತಾರೇನೋ ಎಂದು ತಿರುಗಿ ನೋಡಿದರೆ, ಒಬ್ಬ ಅಜ್ಜ ಕೈ ಎತ್ತಿದ್ದರು.

"ಹೇಳಿ ಅಜ್ಜ, ಹೆದರಬೇಡಿ!"

"ಒಸಿ ಬ್ಯಾಗ ಜಗ್ಳ ಮುಗ್ಸಿ ಹೊಂಟೋಗಿ ಸಾಮಿ. ಸೊಂಟ ನೋಯ್ತಾ ಐತೆ, ಮನೀಕಬೇಕು."

ದೂರು ಪೆಟ್ಟಿಗೆ

ಬಾಯಲ್ಲಿ ಹೇಳಲು ಹೆದರುವವರು ಬರೆದಾದರೂ ಹಾಕಿರುತ್ತಾರೆ ಎಂದುಕೊಂಡು ಎರಡನೇ ಸಲ ಹೋದೆ. ಮುಂಬಾಗಿಲ ಪಕ್ಕ ಒಂದು ತಗಡಿನ ಪೆಟ್ಟಿಗೆ, ಮೇಲೆ 'ದೂರು ಮತ್ತು ಸಲಹೆ' ಎಂದಿತ್ತು. ಬೀಗ ತುಕ್ಕು ಹಿಡಿದಿತ್ತು.

"ಕೀಲಿ ಕೊಡಿ" ಎಂದೆ.

"ಕೀಲಿ ಎಲ್ಲೈತೋ ಸಾರ್" ಎಂದ ಮ್ಯಾನೇಜರ್. "ದೂರೇ ಇಲ್ದಿರೋವಾಗ ತೆಗೆಯೋದ್ಯಾಕೆ ಅಂತ ತೆಗ್ದೇ ಇಲ್ಲ."

"ತೆಗೆಯದೆ ದೂರಿಲ್ಲ ಅಂತ ಹೆಂಗ್ರೀ ಗೊತ್ತಾಯ್ತು?"

ಪೆಟ್ಟಿಗೆಯನ್ನು ಅಲ್ಲಾಡಿಸಿದೆ. ಭಾರವಿತ್ತು, ಒಳಗೆ ಗಲಗಲ ಸದ್ದು. ಈ ಜನದ ನೋವೆಲ್ಲ ಇದರೊಳಗೆ ಕೊಳೆಯುತ್ತಿದೆ ಎಂದು ನನಗೆ ಕಣ್ಣಲ್ಲಿ ನೀರೇ ಬಂತು. ಎಲ್ಲರನ್ನೂ ಸಾಕ್ಷಿಗೆ ನಿಲ್ಲಿಸಿ, ಅಂಗಳದಿಂದ ಕಲ್ಲು ತಂದು ಬೀಗ ಒಡೆದೆ.

ನೆಲದ ತುಂಬ ಮಾತ್ರೆ ಉರುಳಿದವು. ಬಿಳಿ ಮಾತ್ರೆ, ಗುಲಾಬಿ ಮಾತ್ರೆ, ಅರ್ಧ ಕರಗಿದ ಮಾತ್ರೆ. ಒಂದು ಕಾಗದದ ಚೂರೂ ಇಲ್ಲ. ಆಯಾ ಎರಡೂ ಕೈ ಸೊಂಟಕ್ಕಿಟ್ಟುಕೊಂಡು, "ಅಯ್ಯೋ ನಿಮ್ ಮನೆ ಕಾಯ್ವಾಗ! ಅದ್ಕೇಯಾ ನಿಮ್ ಬಿಪಿ ಇಳೀದೇ ಇರೋದು? ನುಂಗ್ದೆ ಅಂತ ಬಾಯ್ ಬೇರೆ ಕಳ್ದು ತೋರುಸ್ತಿದ್ರಲ್ಲ!" ಎಂದು ಎಲ್ಲರ ಮೇಲೂ ಹಾರಾಡಿದಳು.

ಸೊಂಟ ನೋವಿನ ಅಜ್ಜ ಒಬ್ಬರೇ ಸಮಾಧಾನವಾಗಿ ನಿಂತಿದ್ದರು. "ಇನ್ನೆಲ್ಲಿ ಹಾಕಾನಪ್ಪ?" ಎಂದು ನನ್ನನ್ನೇ ಕೇಳಿದರು. "ಯಾರೂ ಯಾವತ್ತೂ ತೆಗ್ದು ನೋಡಕ್ಕಿಲ್ಲ ಅಂತ ನಂಬ್ಕೆ ಇದ್ದ ಜಾಗ ಅದೊಂದೇಯ."

ಭೇಟಿ ಪುಸ್ತಕ

ಫಾರಂನಲ್ಲಿ 'ಬಂಧುಗಳು ಬಂದು ಹೋಗುತ್ತಾರೆಯೇ?' ಎಂಬ ಪ್ರಶ್ನೆಯೂ ಇತ್ತು. ಮೂರನೇ ಸಲ ಭೇಟಿ ಪುಸ್ತಕ ತರಿಸಿ ನೋಡಿದೆ. ದಂಗಾದೆ. ಭಾನುವಾರ ಬಂತೆಂದರೆ ಪುಟ ತುಂಬಿದೆ. ಚನ್ನಪಟ್ಟಣದ ಒಬ್ಬ ತಾತನಿಗಂತೂ ಒಂದು ವಾರ ಮಗ, ಒಂದು ವಾರ ಮಗಳು, ಒಂದು ವಾರ ತಮ್ಮ, ಅತ್ತಿಗೆ, ಮೊಮ್ಮಕ್ಕಳು. ಈ ತಾತ ನಲವತ್ತು ವರ್ಷ ಗೊಂಬೆ ಕಡೆದು ಬಣ್ಣ ಹಾಕಿದವರು, ಸಾಬರು. ಬೆರಳ ತುದಿ ಇನ್ನೂ ನುಣುಪು.

ಪುಟ ತಿರುವಿ ಇನ್ನೊಮ್ಮೆ ನೋಡಿದಾಗ ಎಲ್ಲ ಒಂದೇ ಕೈಬರಹ.

"ತಾತ, ಇದು ನೀವೇ ಬರೆದದ್ದಾ?"

ಅವರು ಆಚೀಚೆ ನೋಡಿದರು. "ಪುಸ್ತಕ ಖಾಲಿ ಇದ್ರೆ ಮ್ಯಾನೇಜರ್‌ಗೆ ಕೆಟ್ಟ ಹೆಸರು ಅಲ್ವಾ ಸಾರ್? ಭಾನುವಾರ ನಂಗೂ ಏನ್ ಕೆಲಸ? ಕೂತ್ಕೊಂಡು ಎಲ್ಲರನ್ನೂ ಕರೀತೀನಿ."

ಸುಳ್ಳು ದಾಖಲೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತು ಯಾಕೋ ಉರಿಯಲಿಲ್ಲ. ನನ್ನ ರೂಮಿನ ಭಾನುವಾರಗಳು ನನಗೂ ಗೊತ್ತು. ಆದರೂ ತಪಾಸಣೆಗೆ ಬಂದವನು ಏನಾದರೂ ತಪ್ಪು ಹಿಡಿಯಬೇಕಲ್ಲ. "ಬಂದ ಟೈಮ್ ಬರೆದಿದ್ದೀರಿ, ಹೋದ ಟೈಮ್ ಒಂದರಲ್ಲೂ ಬರೆದಿಲ್ಲವಲ್ಲ?" ಎಂದೆ.

ತಾತನಿಗೆ ಸಿಟ್ಟೇ ಬಂತು. "ಅಷ್ಟು ಕಷ್ಟಪಟ್ಟು ಕರೆಸ್ದೋರನ್ನ ನಾನೇ ಯಾಕೆ ಸಾರ್ ಕಳಿಸ್ಲಿ?"

ಬಸ್ಸಿನಲ್ಲಿ ಒಬ್ಬನೇ ಬಂದವನು

ನಾಲ್ಕನೇ ಸಲ ಯಾರಿಗೂ ತಿಳಿಸದೆ, ಬಸ್ ಹತ್ತಿ ಒಬ್ಬನೇ ಹೋದೆ. ಆಯಾ ಎರಡು ದಿನ ರಜೆ ಮೇಲೆ ಊರಿಗೆ ಹೋಗಿದ್ದಳು. ಬದಲಿಗೆ ಕೈಲಾಂಚದಿಂದ ಬಂದಿದ್ದ ಹೆಂಗಸು ಗೇಟಿನಲ್ಲೇ ನನ್ನ ಕೈಚೀಲ ಇಸಿದುಕೊಂಡಳು. ಜೀಪಲ್ಲಿ ಬಂದವರು ಆಫೀಸರು, ಕಾರಲ್ಲಿ ಬಂದವರು ದಾನಿಗಳು, ಬಸ್ಸಲ್ಲಿ ಒಬ್ಬರೇ ಚೀಲ ಹಿಡಿದು ಬಂದ ಮುದುಕರು ಸೇರಿಕೊಳ್ಳಲು ಬಂದವರು. ಅಲ್ಲಿಯ ಲೆಕ್ಕ ಅದು.

"ಇಷ್ಟೇಯಾ ಬಟ್ಟೆ? ಯಾರು ಬುಟ್ಟೋದ್ರು ಯಜಮಾನ್ರೇ?"

"ಯಾರೂ ಬಿಟ್ಟುಹೋಗಿಲ್ಲ ಕಣಮ್ಮ. ನಾನೇ ಬಂದೆ!"

"ಎಲ್ರೂ ಹಂಗೇ ಅಂತಾರೆ. ಬೇಜಾರ್ ಮಾಡ್ಕಬ್ಯಾಡಿ, ಬನ್ನಿ."

"ಏ, ನಾನು ತಪಾಸಣಾ ಸಮಿತಿ ಸದಸ್ಯ!"

"ಆಗ್ಲಿ, ಆಗ್ಲಿ. ಒಳಗೊಬ್ರು ತಹಶೀಲ್ದಾರ್ ಅಂತಾವ್ರೆ. ಅವ್ರ ಪಕ್ಕದ ಮಂಚ್ವೇ ಖಾಲಿ ಐತೆ. ಮನೇಲಿ ಯಾರ್ಯಾರವ್ರೆ?"

ಎಷ್ಟೋ ಅಧಿಕಾರಿಗಳ ಬಾಯಿ ಮುಚ್ಚಿಸಿದವನು ನಾನು. ಆ ಪ್ರಶ್ನೆಗೆ ಮಾತ್ರ ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆ. ಅವಳಿಗೆ ಅಷ್ಟೇ ಸಾಕಾಯಿತು. "ಕೈ ನಡುಗ್ತದಾ?" ಎಂದಳು. ಇಲ್ಲವೆಂದೆ. "ಹಂಗಾದ್ರೆ ತೊಳ್ಕಂಬನ್ನಿ. ಗಟ್ಟಿಯಾಗಿರೋರು ಆಗ್ದಿರೋರಿಗೆ ಒಸಿ ಉಣ್ಸಿ" ಎಂದು ಮುದ್ದೆ ತಟ್ಟೆ ಕೈಗಿಟ್ಟು ಬೈರಮಂಗಲದ ಅಜ್ಜಿಯ ಮುಂದೆ ಕೂರಿಸಿದಳು.

ಗಂಟೆ ಹನ್ನೆರಡೂವರೆ. ಮುದ್ದೆಯಲ್ಲಿ ಹಬೆ ಆಡುತ್ತಿತ್ತು. ಇನ್ನೊಬ್ಬರ ಬಾಯಿಗೆ ತುತ್ತಿಟ್ಟ ಅಭ್ಯಾಸ ನನಗಿಲ್ಲ. ನನ್ನ ಬಾಯಿಯ ಅಳತೆಗೆ ಮುರಿದು ಇಟ್ಟೆ. ಇಡುತ್ತ ಇಡುತ್ತ ಸರ್ಕಾರವನ್ನು, ಇಲಾಖೆಯನ್ನು, ಬೆಡ್‌ಶೀಟನ್ನು ಬೈದೆ. ಅಜ್ಜಿ ಕಷ್ಟಪಟ್ಟು ನುಂಗಿ ನನ್ನ ಮುಖ ನೋಡಿದಳು.

"ನೀನು ಬರ್ಕಳೋನು ಅಲ್ವೇನಪ್ಪ?"

"ಹೌದಜ್ಜಿ."

"ಇವತ್ತು ಉಣ್ಸೋನು. ನಿನ್ ಮ್ಯಾಲೆ ದೂರ್ ಹೇಳುದ್ರೆ ಆಶ್ರಮ ಮುಚ್ಚಕ್ಕಿಲ್ಲ ತಾನೆ?"

"ಇಲ್ಲಜ್ಜಿ" ಎಂದೆ, ಏನೂ ಅರ್ಥವಾಗದೆ.

"ಹಂಗಾದ್ರೆ ಬರ್ಕೋ. ಈವಯ್ಯ ತುತ್ತು ದಪ್ಪ ಮಾಡ್ತಾನೆ. ಸೀರೆ ಮ್ಯಾಲೆ ಸಾರು ಚೆಲ್ತಾನೆ. ಬಾಯ್ಗೆ ಬುಡುವಿಲ್ಲ. ಇವನ್ನ ತಗ್ದು ಒಬ್ಳು ಹೆಂಗ್ಸುನ್ನ ಹಾಕಿ."

ಕೈ ತೊಳೆದುಕೊಂಡು ಬಂದು ಒಂದಕ್ಷರ ಬಿಡದೆ ಬರೆದೆ. ಅಜ್ಜಿ ಎಡಗೈ ಹೆಬ್ಬೆಟ್ಟು ಒತ್ತಿದಳು. 'ಯಾರ ಮೇಲೆ ದೂರು' ಎಂಬಲ್ಲಿ ನನ್ನ ಹೆಸರು, 'ದೂರು ದಾಖಲಿಸಿದವರು' ಎಂಬಲ್ಲೂ ನನ್ನ ಹೆಸರು. 'ಸುಧಾರಣೆ ಅಗತ್ಯ'ಕ್ಕೆ ಗೆರೆ ಎಳೆದೆ. ಕಚೇರಿಯಲ್ಲಿ ಯಾರೂ ಹೆಸರು ಓದಲಿಲ್ಲ, ಹೆಬ್ಬೆಟ್ಟು ಮಾತ್ರ ನೋಡಿದರು. ದೂರು ಸುಳ್ಳಾಗಬಾರದೆಂದು ಆದೇಶ ಬರುವವರೆಗೂ ದಿನಾ ಬಸ್ಸಿನಲ್ಲಿ ಹೋಗಿ ತುತ್ತಿಟ್ಟೆ. ನಿಜ ಹೇಳಬೇಕೆಂದರೆ, ಹೋಗದಿದ್ದರೂ ನಡೆಯುತ್ತಿತ್ತು.

ಒಂದೇ ತಿಂಗಳಿಗೆ ಆದೇಶ ಬಂತು: 'ಸದರಿ ಆರೈಕೆದಾರನನ್ನು ತಕ್ಷಣ ತೆಗೆದುಹಾಕಿ ಮಹಿಳಾ ಆಯಾ ಒಬ್ಬರನ್ನು ನೇಮಿಸತಕ್ಕದ್ದು.' ಮೂವತ್ತು ವರ್ಷ ಹೋರಾಡಿ ನಾನು ಪೂರ್ತಿಯಾಗಿ ಗೆದ್ದದ್ದು ಅದೊಂದೇ, ನನಗಿಲ್ಲದ ಕೆಲಸದಿಂದ ನನ್ನನ್ನೇ ತೆಗೆಸಿದ್ದು.

ಹೊಸ ಆಯಾ ಬಂದ ಎರಡು ವಾರಕ್ಕೆ ನೋಡಲು ಹೋದೆ. ಹನ್ನೆರಡೂವರೆಗೆ ಅಜ್ಜಿಯ ಊಟ ಮುಗಿದಿತ್ತು. "ಹೆಂಗಜ್ಜಿ ಈಗ?"

"ತುತ್ತು ಸಣ್ಣುಕೈತೆ. ಬಿಸೀಗೈತೆ. ಸೀರೆ ಮ್ಯಾಲೆ ಒಂದ್ ತೊಟ್ಟು ಬೀಳಕ್ಕಿಲ್ಲ."

"ಹಂಗಾದ್ರೆ ದೂರೇನೂ ಇಲ್ಲ" ಎಂದು ಚೀಲ ಎತ್ತಿಕೊಂಡು ಎದ್ದೆ.

"ಕೂತ್ಕೋ, ಐತೆ. ಬರ್ಕೋ" ಎಂದಳು ಅಜ್ಜಿ. "ಇವ್ಳು ಮಾತೇ ಆಡಕ್ಕಿಲ್ಲ. ಉಣ್ಣೋವಾಗ ಪಕ್ಕದಾಗೆ ಕೂತ್ಕಂಡು ಸರ್ಕಾರುನ್ನ ಬೈಯಕ್ಕೆ ಇನ್ನೊಂದ್ ಪೋಸ್ಟು ಮಂಜೂರ್ ಮಾಡ್ಸು."