ಆಯುಧಪೂಜೆಯ ದಿನ ಸ್ವಿಚ್ಚಿಗೆ ಹಾಕಿದ ಕಾವಲು

ನಮ್ಮ ವಂಶದಲ್ಲಿ ಪದವಿ ಕಂಡ ಮೊದಲಿಗ ನಾನು. ರೈಲ್ವೆ ಗ್ಯಾಂಗ್‌ಮನ್ ಆಗಿದ್ದ ಅಪ್ಪ ಬಿಸಿಲಲ್ಲಿ ಹಳಿ ಕಾಯ್ದು ಓದಿಸಿದ್ದು. ನಾನು ಎರಡು ಪೇಪರ್ ಮತ್ತೆ ಬರೆದು ಗೆದ್ದದ್ದು. ಹಾಗಾಗಿ ಮೈಲಾಪೂರಿನ ನಮ್ಮ ಲಾರಿ ಬುಕಿಂಗ್ ಆಫೀಸಿನ ಮಾಲೀಕ, ದಾವಣಗೆರೆಯ ಬಸವರಾಜಪ್ಪನವರು, "ಇಪ್ಪತ್ತು ಕಂಪ್ಯೂಟರನ್ನೂ ಜೋಡಿಸೋ ಈ ಸ್ವಿಚ್ಚನ್ನ ಯಾರು ಭದ್ರವಾಗಿ ನೋಡ್ಕಂತಾರೋ ಅವರ ಕೆಲಸ ಖಾಯಂ" ಎಂದಾಗ ನನಗೆ ಅಳುಕೇನೂ ಆಗಲಿಲ್ಲ. ಸ್ವಿಚ್ಚಿನ ಭದ್ರತೆ ಕಲಿಸುವ ಪುಸ್ತಕ ಕೈಯಲ್ಲಿ ಇತ್ತಲ್ಲ.

ಆಯುಧಪೂಜೆಯ ದಿನವನ್ನೇ ಆರಿಸಿಕೊಂಡೆ. ಕಂಪ್ಯೂಟರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದು ವಿಶ್ರಾಂತಿಯಲ್ಲಿದ್ದವು. ನನ್ನದೊಂದೇ ಚಾಲೂ. ವಿದ್ಯಾವಂತನಿಗೆ ರಜೆ ಎಲ್ಲಿಯದು?

ಪುಸ್ತಕದ ಮೊದಲ ಉಪದೇಶ: ಬಳಕೆಯಲ್ಲಿಲ್ಲದ ಪೋರ್ಟುಗಳನ್ನು ಮುಚ್ಚಿರಿ. ತಂತಿ ಸಿಕ್ಕಿಸುವ ಆ ಕಿಂಡಿಗಳಿಂದಲೇ ಕಳ್ಳರು ನುಗ್ಗುವುದಂತೆ. ಸ್ವಿಚ್ಚನ್ನು ನೋಡಿದೆ. ಇಪ್ಪತ್ನಾಲ್ಕು ಕಿಂಡಿಗಳಲ್ಲಿ ಒಂದರ ದೀಪ ಮಾತ್ರ ಉರಿಯುತ್ತಿತ್ತು. ಎಂಥ ಅಜಾಗರೂಕ ಆಫೀಸು! ಉಳಿದ ಇಪ್ಪತ್ಮೂರನ್ನೂ ನನ್ನ ಕಂಪ್ಯೂಟರಿನಿಂದಲೇ ಆಜ್ಞೆ ಕೊಟ್ಟು ಮುಚ್ಚಿ, ಮನೆಗೆ ಹೋಗಿ ಹಬ್ಬದ ಕಡಲೆಕಾಳಿನ ಸುಂಡಲ್ ತಿಂದೆ.

"ಇಷ್ಟು ಬೇಗ ಮುಗೀತಾ?" ಎಂದಳು ಹೆಂಡತಿ.

"ಓದಿದೋರ ಕೆಲ್ಸ ಹಂಗೇ ಕಣೆ."

ರಜೆ ಮುಗಿದು ಆಫೀಸು ತೆರೆಯಿತು. ಯಾರ ಪರದೆಯಲ್ಲೂ ಒಂದು ಬುಕಿಂಗೂ ಕಾಣಲಿಲ್ಲ. ಭದ್ರತೆ ಎಂದರೆ ಭದ್ರತೆ. ಕಳ್ಳರಿರಲಿ, ಸಂಬಳ ತೆಗೆದುಕೊಳ್ಳುವವರೂ ಒಳಗೆ ಹೋಗುವಂತಿರಲಿಲ್ಲ.

"ಏನ್ ಮಾಡಿಟ್ಟೀಯಪ್ಪಾ ಪದವೀಧರ? ಲಾರಿಯೋರು ಕಾಗದಕ್ಕೆ ಕಾಯ್ಕಂಡು ನಿಂತಾರೆ," ಎಂದರು ಬಸವರಾಜಪ್ಪನವರು.

"ಎರಡೇ ನಿಮಿಷ ಸಾರ್," ಎಂದು ನನ್ನ ಕಂಪ್ಯೂಟರಿಗೆ ಓಡಿದೆ. ಇಡೀ ಆಫೀಸು ಬೆನ್ನ ಹಿಂದೆ ನಿಂತಿತು. ಗಡಿಬಿಡಿಯಲ್ಲಿ 'ತೆರೆ' ಎನ್ನುವ ಬದಲು ಎಲ್ಲವನ್ನೂ 'ಮುಚ್ಚು' ಎಂದೆ. ಈ ಸಲ ನನ್ನ ಕಿಂಡಿಯೂ ಮುಚ್ಚಿತು. ಒಳಗಿಂದ ಚಿಲಕ ಹಾಕಿ ಹೊರಗೆ ನಿಂತಂತಾಯಿತು.

ಪುಸ್ತಕದಲ್ಲಿ ಇನ್ನೂ ಹನ್ನೊಂದು ಅಧ್ಯಾಯಗಳಿದ್ದವು. ಸ್ವಿಚ್ಚಿನ ಕೋಣೆಯಲ್ಲೇ ಓದಲು ಕುಳಿತೆ.

ಕಸ ಗುಡಿಸುವ ಮುನಿಯಮ್ಮ ಪೊರಕೆ ಹಿಡಿದು ಬಂದಳು. "ಎನ್ನ ಸಾರ್, ರಿಪೇರಾ? ಆಫ್ ಪಣ್ಣಿ ಆನ್ ಪಣ್ಣುಂಗ," ಎಂದಳು ತನ್ನ ತಮಿಳಿನಲ್ಲಿ, ಆಫ್ ಮಾಡಿ ಆನ್ ಮಾಡಿ ಎಂದು.

"ಇದು ಟಿವಿ ಅಲ್ಲಮ್ಮಾ," ಎಂದೆ, ಪದವಿಗೆ ತಕ್ಕ ಗಾಂಭೀರ್ಯದಿಂದ. ಅಷ್ಟರಲ್ಲಿ ಅವಳು ಸ್ವಿಚ್ಚಿನ ಪ್ಲಗ್ ಕಿತ್ತು ಮತ್ತೆ ಚುಚ್ಚಿಯಾಗಿತ್ತು.

ಎರಡು ನಿಮಿಷಕ್ಕೆ ಇಪ್ಪತ್ತೂ ದೀಪ ಉರಿದವು. ಯಾಕೆಂದರೆ, ಮಾಡಿದ್ದನ್ನು ಸೇವ್ ಮಾಡುವುದನ್ನೇ ನಾನು ಮರೆತಿದ್ದೆ. ಕರೆಂಟು ಹೋಗಿ ಬಂದೊಡನೆ ಸ್ವಿಚ್ಚು ನನ್ನ ಪಾಂಡಿತ್ಯವನ್ನೆಲ್ಲ ಕೊಡವಿಕೊಂಡು ಹಳೆಯ ಸ್ಥಿತಿಗೆ ಮರಳಿತ್ತು. ಒಟ್ಟು ಕೆಲಸದಲ್ಲಿ ಆಫೀಸಿಗೆ ಉಪಕಾರವಾದದ್ದು ನಾನು ಮಾಡದೆ ಬಿಟ್ಟ ಆ ಒಂದೇ ಕೆಲಸ.

ಬಸವರಾಜಪ್ಪನವರು ಮಾತಿಗೆ ತಪ್ಪುವವರಲ್ಲ. ಅಂದೇ ಕೆಲಸ ಖಾಯಂ ಮಾಡಿದರು, ಮುನಿಯಮ್ಮನದು. ನನ್ನನ್ನು ಇನ್ನಾರು ತಿಂಗಳು ನೋಡುತ್ತಾರಂತೆ. ಸ್ವಿಚ್ಚಿನ ಕೋಣೆಯ ಬೀಗದ ಕೈಯೂ ಈಗ ಅವಳ ಸೊಂಟದಲ್ಲಿದೆ. ಕೇಳಿದರೆ, "ಎದುಕ್ಕು ಸಾರ್?" ಅನ್ನುತ್ತಾಳೆ.

ಯಾತಕ್ಕೆ ಎಂದು ಕೇಳಿಸಿಕೊಂಡು, ನಾನು ಪುಸ್ತಕದ ಮುಂದಿನ ಅಧ್ಯಾಯ ತೆರೆಯುತ್ತೇನೆ.