ಮಾವನ ಮನೆಯ ಟೀವಿಗೆ ಬಣ್ಣ ಹಚ್ಚಿದ್ದು

ಕೆಲವರಿಗೆ ಹಾಡಲು ಬರುತ್ತದೆ, ಕೆಲವರಿಗೆ ಕವಡೆ ಹಾಕಿ ಕಳೆದುಹೋದ ಎಮ್ಮೆ ಯಾವ ದಿಕ್ಕಿಗಿದೆ ಎಂದು ಹೇಳಲು ಬರುತ್ತದೆ. ನನಗೆ ಟೀವಿ ನೋಡಲು ಬರುತ್ತದೆ. ಅದೇನು ಮಹಾ ವಿದ್ಯೆ ಎಂದು ನಗಬೇಡಿ. ನೀವು ನೋಡುವುದು ಧಾರಾವಾಹಿಯನ್ನು, ನಾನು ನೋಡುವುದು ಟೀವಿಯನ್ನು. ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುವಾಗ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರೆ, ನಾನು ಆ ಸೊಸೆಯ ಸೀರೆಯ ಬಣ್ಣ ಅಂಚು ದಾಟಿ ಚೆಲ್ಲಿದೆಯೇ, ಕಪ್ಪು ಕೂದಲು ಕಪ್ಪಾಗಿಯೇ ಇದೆಯೇ ಎಂದು ಪರೀಕ್ಷಿಸುತ್ತಿರುತ್ತೇನೆ. ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಮೂಗು ತಾಗುವಷ್ಟು ಹತ್ತಿರ ಹೋಗಬೇಕು, ಆಮೇಲೆ ಬೆನ್ನಿಗೆ ಗೋಡೆ ತಾಗುವವರೆಗೆ ಹಿಂದೆ ಸರಿಯಬೇಕು, ಒಂದು ಕಣ್ಣು ಮುಚ್ಚಬೇಕು. ಬಹಳ ಮುಖ್ಯವಾಗಿ, ಧ್ವನಿಯನ್ನು ಪೂರ್ತಿ ಬಂದ್ ಮಾಡಬೇಕು. ಕಿವಿ ತೆರೆದಿದ್ದರೆ ಕಣ್ಣು ಸೋಮಾರಿಯಾಗುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ. ನಮ್ಮ ಮನೆಯಲ್ಲಿ ಈ ಸಂಶೋಧನೆಗೆ ಕವಡೆ ಕಿಮ್ಮತ್ತೂ ಇರಲಿಲ್ಲ.

ಹೀಗಿರುವಾಗ ಕಮಲಾಪುರದ ನನ್ನ ಮಾವ ದೊಡ್ಡ ಟೀವಿ ಕೊಳ್ಳಲು ಮನಸ್ಸು ಮಾಡಿದರು. ಗೋಡೆಗೆ ತೂಗುಹಾಕುವ ತೆಳ್ಳನೆಯ ಟೀವಿಗಳು ಕಲಬುರಗಿಯ ಅಂಗಡಿಗಳಿಗೆ ಆಗತಾನೇ ಬರುತ್ತಿದ್ದ ಕಾಲ. ಆ ಮನೆಯಲ್ಲಿ ಎತ್ತು ಕೊಳ್ಳುವುದಿರಲಿ, ಪಂಪ್‌ಸೆಟ್ ಕೊಳ್ಳುವುದಿರಲಿ, ನನ್ನ ಷಡ್ಡಕ ಶರಣಪ್ಪನ ಮಾತೇ ಮಾತು. ಸಾರಿಗೆ ಉಪ್ಪು ಸಾಕೇ ಎಂಬುದನ್ನು ಮಾತ್ರ ನನ್ನನ್ನು ಕೇಳುತ್ತಿದ್ದರು; ಸಾಲದು ಎಂದರೆ ಹಾಕುತ್ತಲೂ ಇರಲಿಲ್ಲ. ಅಂಥ ಮನೆಯಿಂದ ಮಾವ ಫೋನು ಮಾಡಿ, “ಅಳಿಯಾರ, ಟೀವಿ ನೀವೇ ನೋಡಿ ತರ್ರಿ. ಅದರಾಗಿಂದು ನಮಗೇನೂ ತಿಳ್ಯಂಗಿಲ್ಲ” ಎಂದರೆ ನನ್ನ ಸ್ಥಿತಿ ಏನಾಗಬೇಡ! ಮದುವೆಯಲ್ಲಿ ಪೇಟ ಸುತ್ತಿಸಿಕೊಂಡಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಟೀವಿ ಅಂಗಡಿಯಲ್ಲಿ ಮಾಲೀಕ ಖಾದರ್ ಭಾಯಿ ಒಂದು ಡಿಸ್ಕ್ ಹಾಕಿ ತೋರಿಸಿದರು. ಅಬ್ಬಾ! ಗಿಳಿಯ ರೆಕ್ಕೆಯ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು. ಎಲೆಯ ತುದಿಯಿಂದ ನೀರಿನ ಹನಿ ಬಿದ್ದಾಗ ನಾನು ಅಂಗಿ ಒರೆಸಿಕೊಂಡೆ. “ಎಂಟ ದಿನ ಮನ್ಯಾಗ ಇಟ್ಟ ನೋಡ್ರಿ ಸಾಬ್, ಪಸಂದ್ ಬರಲಿಲ್ಲಂದ್ರ ವಾಪಸ್ ತರ್ರಿ” ಎಂದರು ಖಾದರ್ ಭಾಯಿ. ನಾನು ಪರೀಕ್ಷೆ ಮಾಡಿ ಒಪ್ಪಿದ ಟೀವಿ ವಾಪಸ್ ಬರುವುದೇ? ನಕ್ಕುಬಿಟ್ಟೆ. ಟಂಟಂ ಆಟೋದಲ್ಲಿ ಟೀವಿಯನ್ನು ಬಾಣಂತಿಯ ಹಾಗೆ ಗಾದಿಯ ಮೇಲೆ ಕೂರಿಸಿ, ದಾರಿಯುದ್ದಕ್ಕೂ ಚಾಲಕನಿಗೆ “ಸಾವಕಾಶ, ಸಾವಕಾಶ” ಎನ್ನುತ್ತ ಕಮಲಾಪುರಕ್ಕೆ ಒಯ್ದೆ.

ಪಡಸಾಲೆಯಲ್ಲಿ ಓಣಿಯ ಅರ್ಧ ಜನ ಆಗಲೇ ಚಾಪೆ ಹಿಡಿದಿದ್ದರು. ಟೀವಿ ಗೋಡೆಗೇರಿತು. ಕಂಬದಿಂದ ಕಂಬಕ್ಕೆ ಜೋತಾಡುತ್ತ ಬಂದಿದ್ದ ಕೇಬಲ್ ವೈರನ್ನು ಸಿಕ್ಕಿಸಿ ನಾನು ಗತ್ತಿನಿಂದ ಗುಂಡಿ ಒತ್ತಿದೆ. ವಾರ್ತೆ ಓದುವ ಹೆಣ್ಣುಮಗಳು ಬಂದಳು, ಆದರೆ ಮುಖವೆಲ್ಲ ಚೌಕ ಚೌಕ. ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯಲಿಲ್ಲ. ಶರಣಪ್ಪ ಇದಕ್ಕೇ ಕಾದಿದ್ದವನಂತೆ, “ನಮ್ಮ ಹಳೇ ಡಬ್ಬಿನೇ ಛಲೋ ಇತ್ತಲ್ರೀ ಮಾವಾರ. ಅದರಾಗ ಮಂದಿಗೆ ಮೂಗರ ಇರತಿತ್ತು” ಎಂದ. ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು, ಅದೇ ಹೆಚ್ಚು ಉರಿಯಿತು. “ಟೀವಿದು ತಪ್ಪಲ್ರೀ, ಸಿಗ್ನಲ್‌ದು ತಪ್ಪು. ಬಾವ್ಯಾಗೇ ರಾಡಿ ಇದ್ರ ಬೆಳ್ಳಿ ತಂಬಿಗಿ ಏನ ಮಾಡತದ?” ಎಂದೆ. ಮಾವ ಗಡ್ಡ ಕೆರೆದುಕೊಂಡು, “ಹಂಗಾದ್ರ ಬ್ಯಾರೆ ಬಾವಿ ನೋಡ್ರಿ. ಸಂಜೀತನಾ ಛಲೋ ಕಾಣಲಿಲ್ಲಂದ್ರ ನಾಳೆ ಶರಣಪ್ಪ ಇದನ್ನ ವಾಪಸ್ ಕೊಟ್ಟು ಬ್ಯಾರೆ ಆರಿಸಿ ತರತಾನ” ಎಂದರು.

ಶರಣಪ್ಪ ಆರಿಸುವುದೆ! ಪಂಚೆ ಎತ್ತಿಕಟ್ಟಿ ಮಾಳಿಗೆ ಹತ್ತಿದೆ. ತುಕ್ಕು ಹಿಡಿದ ಹಳೆಯ ಆಂಟೆನಾವನ್ನು ಬೀದರಿನ ಕಡೆಗೊಮ್ಮೆ, ಕಲಬುರಗಿಯ ಕಡೆಗೊಮ್ಮೆ ತಿರುಗಿಸಿದೆ. “ಈಗ?” ಎಂದು ಕೂಗಿದರೆ ಕೆಳಗಿನಿಂದ, “ಈಗ ಇಬ್ಬರ ಕಾಣಾಕತ್ತಾರ!” ಎಂದು ಉತ್ತರ. ಕೊನೆಗೆ ಪಕ್ಕದ ಮನೆಯವರ ಕೈಕಾಲು ಹಿಡಿದು, ಅವರ ಡಿಶ್‌ನ ಡಬ್ಬಿಯನ್ನೇ ಕೇಳಿ ತಂದು, ಗೋಡೆಯ ಮೇಲಿಂದ ವೈರು ಎಳೆದೆವು. ಬಂತು ನೋಡಿ ಚಿತ್ರ! ಸ್ವಚ್ಛ, ಸ್ಫಟಿಕ! ಯಾವುದೋ ಕೃಷಿ ಕಾರ್ಯಕ್ರಮ. ಟೋಪಿ ಹಾಕಿದವನೊಬ್ಬ ಬಾಳೆಯ ತೋಟದಲ್ಲಿ ನಿಂತು ಕೈ ಆಡಿಸುತ್ತಿದ್ದ. ಎಲೆಯ ನರವೂ ಕಾಣುತ್ತಿತ್ತು. ನಾನು ನಿಯಮದಂತೆ ಧ್ವನಿ ಬಂದ್ ಮಾಡಿ ಪರೀಕ್ಷೆಗೆ ನಿಂತೆ. ಅಷ್ಟರಲ್ಲಿ ಅತ್ತೆಯವರು, “ಅಯ್ಯ, ಬಾಳಿಹಣ್ಣ ಹಳದಿ ಕಾಣಾಕತ್ತಾವಲ್ಲ!” ಎಂದರು.

ಹೌದಲ್ಲ! ಕಮಲಾಪುರದಲ್ಲಿ ಬಾಳೆಹಣ್ಣು ಎಂದರೆ ಕೆಂಪು. ಮಾವ ಬೆಳೆಯುವುದೂ ಅದನ್ನೇ, ನನ್ನ ಮುಂದೆ ತಟ್ಟೆಯಲ್ಲಿದ್ದುದೂ ಅದೇ. ಇದಕ್ಕಿಂತ ಒಳ್ಳೆಯ ಒರೆಗಲ್ಲು ಯಾವ ತಜ್ಞನಿಗೆ ಸಿಕ್ಕೀತು? ಒಂದು ಹಣ್ಣನ್ನು ಪರದೆಯ ಪಕ್ಕಕ್ಕೆ ಹಿಡಿದು, ಇನ್ನೊಂದು ಕೈಯಲ್ಲಿ ರಿಮೋಟು ಹಿಡಿದು ಹಸಿರು ಇಳಿಸುತ್ತ, ಕೆಂಪು ಏರಿಸುತ್ತ ಹೋದೆ. ಹಳದಿ ಹಣ್ಣು ಇಟ್ಟಿಗೆಯ ಬಣ್ಣಕ್ಕೆ ಬಂತು, ಆಮೇಲೆ ಅಪ್ಪಟ ಕಮಲಾಪುರಕ್ಕೆ ಬಂತು. ಟೋಪಿಯವನು ಬೀಟ್‌ರೂಟ್ ಆದ, ಎಲೆಗಳು ಬದನೆಕಾಯಿ ಆದವು. ಯಾರು ಅವನ್ನು ನೋಡುತ್ತಾರೆ? “ಈಗ ನೋಡ್ರಿ, ನಮ್ಮ ತ್ವಾಟದ್ದ ಹಣ್ಣ ಕಂಡಂಗ ಅದ!” ಎಂದು ಅತ್ತೆಯವರು ಕೈ ತಟ್ಟಿದರು. ಪಡಸಾಲೆಗೆ ಪಡಸಾಲೆಯೇ ಹೋ ಎಂದಿತು. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ, ಸುಳ್ಳೇಕೆ ಹೇಳಲಿ, ಗೌರವವಿತ್ತು.

ಶರಣಪ್ಪ ಮಾತ್ರ ಎದ್ದು ಬಂದು ನನ್ನ ಕೈಯಿಂದ ರಿಮೋಟು ತೆಗೆದುಕೊಂಡು ಧ್ವನಿ ಏರಿಸಿದ. ಟೋಪಿಯವನು ಗಟ್ಟಿಯಾಗಿ ಹೇಳುತ್ತಿದ್ದ: “…ಹೀಗೆ ಅರಿಶಿನದಂತೆ ಹಳದಿಯಾಗಿ ಹಣ್ಣಾಗುವುದೇ ಈ ಏಲಕ್ಕಿ ಬಾಳೆಯ ಲಕ್ಷಣ…”

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಶರಣಪ್ಪನನ್ನು ನುಂಗಿದ್ದರೂ ನಡೆಯುತ್ತಿತ್ತು. ಎಲ್ಲರ ಕಣ್ಣು ಮಾವನ ಮೇಲೆ. ಅವರು ತಟ್ಟೆಯಿಂದ ಒಂದು ಹಣ್ಣು ತೆಗೆದುಕೊಂಡು ಸಾವಕಾಶವಾಗಿ ಸುಲಿದರು, ಪರದೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದರು: “ಟೀವಿ ಇರ್ಲಿ. ಚಿತ್ರ ಛಲೋ ಬಂದದ. ಇದರ ಧ್ವನಿನೇ ಯಾಕೋ ಬರಾಬರಿ ಇದ್ದಂಗಿಲ್ಲ. ಹೌದಿಲ್ರೀ ಅಳಿಯಾರ?”

ಇಷ್ಟು ವರ್ಷ ಟೀವಿಗಳನ್ನು ಪರೀಕ್ಷಿಸಿದವನು, ಸತ್ಯ ಹೇಳಬೇಕಾದ ಒಂದೇ ಒಂದು ಸಂದರ್ಭ ಬಂದಾಗ ಏನು ಮಾಡಿದೆ ಅಂದಿರಿ? ಟೀವಿಯ ಹತ್ತಿರ ಹೋದೆ, ಕಿವಿ ಆನಿಸಿ ಸ್ವಲ್ಪ ಹೊತ್ತು ಆಲಿಸಿದೆ, ಹುಬ್ಬು ಗಂಟಿಕ್ಕಿದೆ. ಆಮೇಲೆ ತಜ್ಞನಿಗೆ ತಕ್ಕ ಗಾಂಭೀರ್ಯದಿಂದ ಹೇಳಿದೆ:

“ಹೌದ್ರಿ ಮಾವಾರ, ಸ್ಪೀಕರ್‌ನಾಗ ದೋಷ ಅದ.”